ಶರಾವತಿ ಹಿನ್ನೀರಿನ ದ್ವೀಪಕ್ಕೆ ಹೊರಟಿದ್ದೀರಾ? ಸಿಗಂದೂರು, ತುಮರಿ ಕಡೆ ಹೋಗುವವರು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆ ಸಾಗರದಲ್ಲಿ. ಅಮ್ಮನ ತವರು ಹೊಳೆಯಾಚೆಯ ಕರೂರು ಹೋಬಳಿ. ಹಿನ್ನೀರಿಗೆ ಸೇತುವೆ ಆದ ಮೇಲೆ ಗುರುತಿನವರ ಫೋನು ಜಾಸ್ತಿಯಾಗಿದೆ. ಬೆಂಗಳೂರು, ಹುಬ್ಬಳ್ಳಿ, ದಾವಣಗೆರೆ, ಎಲ್ಲ ಕಡೆಯಿಂದ. ಎಲ್ಲರೂ ಕೇಳುವುದು ಹೆಚ್ಚುಕಡಿಮೆ ಒಂದೇ: ಏನು ನೋಡುವುದು, ಎಲ್ಲಿ ಉಳಿಯುವುದು? ಪ್ರತಿ ಸಲ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ಇದು ನಿಜವಾಗಿ ದ್ವೀಪವಾ?

ನಾವೆಲ್ಲ ದ್ವೀಪ ಅಂತಲೇ ಕರೆಯುತ್ತೇವೆ. ಆದರೆ ನಾಲ್ಕೂ ಕಡೆ ನೀರಿಲ್ಲ. ಲಿಂಗನಮಕ್ಕಿ ಆಣೆಕಟ್ಟೆಯ ಹಿನ್ನೀರು ಈ ನೆಲವನ್ನು ಸಾಗರದ ಕಡೆಯಿಂದ ಕತ್ತರಿಸಿ ಹಾಕಿದೆ. ಹಿಂದೆ ಪಶ್ಚಿಮ ಘಟ್ಟದ ಕಾಡು ನಿಂತಿದೆ. ಘಟ್ಟದ ಕಡೆಗೆ ರಸ್ತೆಗಳಿವೆ. ಒಂದು ಕೊಲ್ಲೂರಿಗೆ ಹೋಗುತ್ತದೆ, ಇನ್ನೊಂದು ಕೋಗಾರು ಘಾಟಿ ಇಳಿದು ಭಟ್ಕಳಕ್ಕೆ.

ಆದರೆ ಇಲ್ಲಿಯವರ ಕಚೇರಿ, ಕಾಲೇಜು, ದೊಡ್ಡಾಸ್ಪತ್ರೆ, ಸಂತೆ ಎಲ್ಲ ಇರುವುದು ಸಾಗರದಲ್ಲಿ. ಸೇತುವೆ ಬರುವವರೆಗೂ ಆ ಸಾಗರಕ್ಕೆ ನೆಲದ ಮೇಲೆ ಹೋಗಬೇಕು ಅಂದರೆ ಸುತ್ತಿ ಬಳಸಿ ಅರ್ಧ ದಿನ ಆಗುತ್ತಿತ್ತು. ಗಾಡಿಗಳನ್ನೂ ಹೊತ್ತು ನೀರು ದಾಟಿಸುವ ಲಾಂಚ್ ಇದ್ದರೆ ದಾರಿ, ಇಲ್ಲದಿದ್ದರೆ ಇಲ್ಲ. ಅರವತ್ತು ವರ್ಷ ಹೀಗೆ ಬದುಕಿದವರಿಗೆ ಅದು ದ್ವೀಪವೇ ಅಲ್ವಾ?

ಸಿಗಂದೂರು ಚೌಡೇಶ್ವರಿ ದೇವಸ್ಥಾನ ಬಿಟ್ಟರೆ ಇತಿಹಾಸ ಅಂತ ಏನಿದೆ?

ತುಂಬಾ ಇದೆ. ಆದರೆ ಅರ್ಧ ನೀರಿನಡಿ ಇದೆ.

ಮೊದಲು ಮಡೆನೂರು ಆಣೆಕಟ್ಟೆ. ಹಿರೇಭಾಸ್ಕರ ಅಂತಲೂ ಹೇಳುತ್ತಾರೆ. ಜೋಗದ ಬುಡದಲ್ಲಿ 1948ರಲ್ಲಿ ಶುರುವಾದ ಮಹಾತ್ಮ ಗಾಂಧಿ ವಿದ್ಯುದಾಗಾರಕ್ಕೆ ಇಲ್ಲಿಂದಲೇ ನೀರು ಹೋಗುತ್ತಿತ್ತು. ಆಮೇಲೆ ಅದಕ್ಕಿಂತ ಬಹಳ ದೊಡ್ಡದಾದ ಲಿಂಗನಮಕ್ಕಿ ಬಂತು, 1964ರಲ್ಲಿ. ಅದರ ನೀರು ಹಳೆಯ ಆಣೆಕಟ್ಟೆಯನ್ನೇ ನುಂಗಿತು. ಲಿಂಗನಮಕ್ಕಿ ತುಂಬಿದಾಗ ನೀರಿನ ಮಟ್ಟ ಸಮುದ್ರದಿಂದ 1819 ಅಡಿ. ಈ 1819 ಅನ್ನುವ ಸಂಖ್ಯೆ ನಮ್ಮ ಕಡೆ ಮಕ್ಕಳಿಗೂ ಗೊತ್ತು. ಮಳೆಗಾಲದಲ್ಲಿ ದಿನಾ ಬೆಳಿಗ್ಗೆ ಪೇಪರ್ ತೆಗೆದು ಮೊದಲು ನೋಡುವುದೇ ಲಿಂಗನಮಕ್ಕಿ ಇವತ್ತು ಎಷ್ಟು ಅಡಿ ಅಂತ.

ಆ ನೀರಿನಡಿ ಊರುಗಳಿವೆ. ಗದ್ದೆ, ಅಡಿಕೆ ತೋಟ, ದೇವಸ್ಥಾನ, ಬಾವಿ, ಸಂಕ, ಜನ ಓಡಾಡುತ್ತಿದ್ದ ರಸ್ತೆ. ಹೊಳೆಯ ಪಕ್ಕದ ಒಳ್ಳೆಯ ನೆಲವೆಲ್ಲ ಮುಳುಗಿತು. ನೀವು ಇವತ್ತು ದ್ವೀಪ ಅಂತ ನೋಡುವುದು ಆಗಿನ ಗುಡ್ಡದ ನೆತ್ತಿ. ಇದೊಂದು ಮನಸ್ಸಿನಲ್ಲಿದ್ದರೆ ಹಿನ್ನೀರು ಬೇರೆಯದೇ ಥರ ಕಾಣುತ್ತದೆ. ಅದಕ್ಕೇ ಎಲ್ಲಕ್ಕಿಂತ ಮೊದಲು ಇದನ್ನು ಹೇಳುತ್ತೇನೆ.

ಇನ್ನೂ ಹಿಂದಕ್ಕೆ ಹೋದರೆ ಕಾನೂರು ಕೋಟೆ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಹೆಸರಿನ ಜೊತೆ ಸೇರಿದ ಕೋಟೆ ಇದು. ಅವಳು 1552ರಿಂದ 1606ರವರೆಗೆ ಆಳಿದವಳು. ಈ ಕಾಡಿನ ಕಾಳುಮೆಣಸು ಕೊಳ್ಳಲು ಬಂದ ಪೋರ್ಚುಗೀಸರು ಅವಳನ್ನು ಮೆಣಸಿನ ರಾಣಿ ಅಂತಲೇ ಕರೆದರು. ಹೊಳೆಯ ಈಚೆಗೆ ಬಂದರೆ ಕೆಳದಿ ಅರಸರ ನಾಡು. ಇಕ್ಕೇರಿಯ ಅಘೋರೇಶ್ವರ ಮತ್ತು ಕೆಳದಿಯ ರಾಮೇಶ್ವರ, ಎರಡೂ ಸಾಗರ ಪೇಟೆಗೆ ಹತ್ತಿರ. ಕೆಳದಿಯ ಗಂಡಭೇರುಂಡ ನೋಡದೆ ಬರಬೇಡಿ. ಇಕ್ಕೇರಿಯಲ್ಲಿ ನೆಲವನ್ನೂ ನೋಡಿ. ಅಡ್ಡಬಿದ್ದ ಅರಸರ ಆಕೃತಿಗಳನ್ನು ಕಲ್ಲಿನಲ್ಲೇ ಕೆತ್ತಿದ್ದಾರೆ.

ಹೋಗುವುದು ಹೇಗೆ?

ಬೆಂಗಳೂರಿನಿಂದ ತಾಳಗುಪ್ಪಕ್ಕೆ ರಾತ್ರಿ ರೈಲಿದೆ. ಸಾಗರದ ನಿಲ್ದಾಣದ ಹೆಸರು ಸಾಗರ ಜಂಬಗಾರು, ಅಲ್ಲಿ ಇಳಿಯಿರಿ. ವಿಮಾನದಲ್ಲಿ ಬರುವವರಿಗೆ ಶಿವಮೊಗ್ಗದ ಸೋಗಾನೆಯಲ್ಲಿ 2023ರಿಂದ ನಿಲ್ದಾಣ ಇದೆ. ಶಿವಮೊಗ್ಗದಿಂದ ಸಾಗರಕ್ಕೆ 70 ಕಿ.ಮೀ. ಮೇಲೆ ಸ್ವಲ್ಪ. ಸಾಗರದಿಂದ ಸಿಗಂದೂರಿಗೆ ಸುಮಾರು 40 ಕಿ.ಮೀ., ಬಸ್ಸುಗಳಿವೆ. ಆವಿನಹಳ್ಳಿ ದಾಟಿ ಹೊಳೆಬಾಗಿಲಿಗೆ ಬಂದರೆ ಎದುರಿಗೇ ಸೇತುವೆ.

ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವಿನ ಈ ಸೇತುವೆ 2025ರ ಜುಲೈ 14ರಂದು ಉದ್ಘಾಟನೆಯಾಯಿತು. ಉದ್ದ ಸುಮಾರು 2.4 ಕಿ.ಮೀ. ನಡುವಿನ ಭಾಗವನ್ನು ಎತ್ತರದ ಕಂಬಗಳಿಂದ ಇಳಿದ ದಪ್ಪ ಕೇಬಲ್‌ಗಳು ಹಿಡಿದಿವೆ. ದಯವಿಟ್ಟು ಸೇತುವೆಯ ಮಧ್ಯ ಗಾಡಿ ನಿಲ್ಲಿಸಿ ಫೋಟೋ ತೆಗೆಯಬೇಡಿ. ಅದೇ ದಾರಿಯಲ್ಲಿ ಆಂಬುಲೆನ್ಸ್ ಬರುತ್ತದೆ.

ಲಾಂಚ್ ಹತ್ತುವ ಆಸೆ ಇತ್ತು. ಈಗ ಆಗುವುದಿಲ್ಲವಾ?

ಹೊಳೆಬಾಗಿಲಿನಲ್ಲಿ ಈಗ ಗಾಡಿಗಳೆಲ್ಲ ಸೇತುವೆ ಮೇಲೇ ಹೋಗುತ್ತವೆ. ಹಿನ್ನೀರಿನಲ್ಲಿ ಲಾಂಚ್ ಕಂಡ ಜಾಗ ಇನ್ನೆರಡಿವೆ. ಹೊಸನಗರದ ಕಡೆ ಹಸಿರುಮಕ್ಕಿ, ಕಾರ್ಗಲ್ ಕಡೆ ಮುಪ್ಪಾನೆ. ಬೇಸಿಗೆಯಲ್ಲಿ ನೀರು ಇಳಿದರೆ ಅಲ್ಲಿ ಲಾಂಚ್ ನಿಂತುಬಿಡುತ್ತದೆ. ಸಾಗರದಲ್ಲಿ ವಿಚಾರಿಸಿಕೊಂಡೇ ಆ ಕಡೆ ಹೊರಡಿ.

ಲಾಂಚ್ ಪ್ರಯಾಣ ಚೆನ್ನಾಗಿತ್ತು, ಒಪ್ಪುತ್ತೇನೆ. ಬಸ್ಸು, ಕಾರು, ಬೈಕು, ಅಡಿಕೆ ಮೂಟೆ, ಮದುವೆ ದಿಬ್ಬಣ, ಎಲ್ಲ ಒಟ್ಟಿಗೆ ನಿಧಾನಕ್ಕೆ ನೀರಿನ ಮೇಲೆ ಸಾಗುತ್ತಿತ್ತು. ಆದರೆ ಸಂಜೆಯ ಕೊನೆಯ ಲಾಂಚ್ ತಪ್ಪಿದರೆ ಕಥೆ ಮುಗಿಯಿತು. ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಅಮ್ಮ, ನಾನು, ತಮ್ಮ ಒಂದು ರಾತ್ರಿ ಪೂರ್ತಿ ಹೊಳೆಬಾಗಿಲಿನ ದಡದಲ್ಲಿ ಕಳೆದಿದ್ದೇವೆ. ಆಚೆ ದಡದಲ್ಲಿ ಮಾವ ಟಾರ್ಚ್ ಹಾಕಿ ತೋರಿಸುತ್ತಿದ್ದರು. ಮನೆಯ ಬೆಳಕು ಕಾಣುತ್ತಿದೆ, ಹೋಗಲು ಆಗುತ್ತಿಲ್ಲ. ನಮ್ಮದು ಬರೀ ಒಂದು ರಾತ್ರಿಯ ನಿದ್ದೆ ಹೋಯಿತು ಅಷ್ಟೇ. ಹೆರಿಗೆ ನೋವು ಶುರುವಾದವರು, ಹಾವು ಕಚ್ಚಿಸಿಕೊಂಡವರು ಇದೇ ದಡದಲ್ಲಿ ಕಾದಿದ್ದಾರೆ. ಹಾಗಾಗಿ ಲಾಂಚ್ ಹೋಯಿತು ಅಂತ ಯಾರಾದರೂ ಬೇಜಾರು ಮಾಡಿಕೊಂಡರೆ ನಾನು ಈ ರಾತ್ರಿಯ ಕಥೆ ಹೇಳುತ್ತೇನೆ.

ಬೆಳಿಗ್ಗೆ ಹೋಗಿ ಸಂಜೆ ವಾಪಸ್ ಬರಬಹುದಲ್ವಾ? ಉಳಿಯಲೇಬೇಕಾ?

ಬರಬಹುದು. ಈಗ ಸಾಗರದಿಂದ ಒಂದು ಗಂಟೆ ಸ್ವಲ್ಪದಲ್ಲಿ ತಲುಪುತ್ತೀರಿ. ದರ್ಶನ, ಪ್ರಸಾದ, ಸೇತುವೆ ಮುಂದೆ ಒಂದು ಸೆಲ್ಫಿ, ಮಧ್ಯಾಹ್ನ ಜೋಗ, ರಾತ್ರಿ ರೈಲು. ಬಹಳ ಜನ ಹೀಗೇ ಮಾಡುತ್ತಿದ್ದಾರೆ.

ಆದರೆ ನನ್ನ ಮಾತು ಕೇಳುವುದಾದರೆ ಒಂದು ರಾತ್ರಿಯಾದರೂ ಆಚೆ ದಡದಲ್ಲೇ ಉಳಿಯಿರಿ. ಹಿನ್ನೀರು ಹಗಲಿನಲ್ಲಿ ಸುಮ್ನೆ ಒಂದು ದೊಡ್ಡ ಕೆರೆಯ ಹಾಗೆ ಕಾಣುತ್ತದೆ. ಸಂಜೆ ಐದೂವರೆಯ ಮೇಲೆ ಅದರ ಬಣ್ಣ ತಿರುಗುತ್ತದೆ. ಬೆಳಿಗ್ಗೆ ಮಂಜು ನೀರಿನ ಮೇಲೇ ಕೂತಿರುತ್ತದೆ, ನಡುಗಡ್ಡೆಗಳ ನೆತ್ತಿ ಮಾತ್ರ ಕಾಣುತ್ತದೆ. ಮತ್ತೆ ಇಲ್ಲಿಯ ಜನ ಮಾತಿಗೆ ಸಿಗುವುದೇ ರಾತ್ರಿ ಊಟ ಆದ ಮೇಲೆ, ಜಗಲಿಯಲ್ಲಿ ಎಲೆಅಡಿಕೆ ತಟ್ಟೆ ಮುಂದಿಟ್ಟುಕೊಂಡಾಗ. ಮುಳುಗಡೆಯ ಕಥೆ ಯಾವ ಬೋರ್ಡಿನಲ್ಲೂ ಬರೆದಿಲ್ಲ. ಅದನ್ನು ಅವರ ಬಾಯಲ್ಲೇ ಕೇಳಬೇಕು.

ಇನ್ನೂ ಒಂದು ಕಾರಣ ಇದೆ. ಗಾಡಿಗಳು ಹೀಗೆ ಬಂದು ಹಾಗೆ ಹೋದರೆ ದ್ವೀಪದವರಿಗೆ ಉಳಿಯುವುದು ಧೂಳು ಮತ್ತು ನೀರಿನ ಬಾಟಲಿ ಮಾತ್ರ. ನೀವು ಉಳಿದರೆ ಒಂದು ಮನೆಗೆ ನಾಲ್ಕು ಕಾಸು ಹೋಗುತ್ತದೆ.

ಹಾಗಾದರೆ ಎಲ್ಲಿ ಉಳಿಯುವುದು?

ಯಾರ ಜೊತೆ ಬರುತ್ತೀರಿ, ಯಾಕೆ ಬರುತ್ತೀರಿ ಅನ್ನುವುದರ ಮೇಲೆ ಹೋಗುತ್ತದೆ.

ಮುಖ್ಯವಾಗಿ ದರ್ಶನಕ್ಕೇ ಬರುವವರು ಸಿಗಂದೂರಿನಲ್ಲೇ ಉಳಿಯಿರಿ. ದೇವಸ್ಥಾನದ ಆಸುಪಾಸು ರೂಮುಗಳು, ಲಾಡ್ಜ್‌ಗಳು ಇವೆ. ಸೌಕರ್ಯ ಸಾಧಾರಣ. ಅನುಕೂಲ ಏನೆಂದರೆ, ಬಸ್ಸುಗಳು ಬಂದು ಸೇರುವ ಮುಂಚೆ ಬೆಳಿಗ್ಗೆ ಬೇಗ ಸ್ನಾನ ಮಾಡಿ ಹೋದರೆ ಅಮ್ಮನ ಮುಂದೆ ನಿಧಾನವಾಗಿ ನಿಲ್ಲಬಹುದು. ನಮ್ಮ ಕಡೆಯ ತೋಟ, ಹೊಸ ಮನೆ, ಅಂಗಡಿಗಳ ಮುಂದೆ "ಸಿಗಂದೂರು ಚೌಡೇಶ್ವರಿ ಕಾವಲಿದೆ" ಅಂತ ಬೋರ್ಡ್ ನೋಡಿರಬಹುದು. ಕಳ್ಳತನ ಆಗದ ಹಾಗೆ ಕಾಯುವ ದೇವಿ ಅಂತ ಜನರ ನಂಬಿಕೆ. ಇಲ್ಲಿಗೆ ಬರುವವರಲ್ಲಿ ಹರಕೆ ಹೊತ್ತವರೇ ಜಾಸ್ತಿ.

ಕುಟುಂಬದ ಜೊತೆ ಸಮಾಧಾನವಾಗಿ ಎರಡು ದಿನ ಇರಬೇಕು ಅಂದರೆ ತುಮರಿ, ಕಳಸವಳ್ಳಿ ಸುತ್ತಿನ ಹಳ್ಳಿಗಳ ತೋಟದ ಮನೆಗಳೇ ಒಳ್ಳೆಯದು. ನನ್ನ ಮೊದಲ ಆಯ್ಕೆ ಯಾವಾಗಲೂ ಇದೇ. ಮನೆಯವರೇ ಅಡಿಗೆ ಮಾಡಿ, ಮನೆಯವರೇ ಬಡಿಸುವ ಜಾಗ ನೋಡಿ. ಬಚ್ಚಲ ಹಂಡೆಯಲ್ಲಿ ಸೌದೆ ಉರಿ ಹಾಕಿದ ಬಿಸಿನೀರು, ಅಂಗಳದಲ್ಲಿ ಅಡಿಕೆ ಚಪ್ಪರ, ಹಿಂದೆ ಸೊಪ್ಪಿನ ಬೆಟ್ಟ. ರೂಮು ದೊಡ್ಡದಿರದೆ ಹೋಗಬಹುದು. ಆದರೆ ಮನೆಯ ಯಜಮಾನರು ನಿಮ್ಮನ್ನು ತೋಟಕ್ಕೆ ಕರೆದುಕೊಂಡು ಹೋಗಿ ಏಲಕ್ಕಿ ಎಲ್ಲಿ ಬಿಡುತ್ತದೆ, ಮೆಣಸಿನ ಬಳ್ಳಿ ಹೇಗೆ ಹತ್ತಿಸುತ್ತಾರೆ ಅಂತ ತೋರಿಸುತ್ತಾರೆ. ಮಕ್ಕಳಿಗೆ ಇದಕ್ಕಿಂತ ಬೇರೆ ಏನು ಬೇಕು?

ಸಾಗರದ ಕಡೆಯ ದಡದಲ್ಲೂ ಈಗ ರೆಸಾರ್ಟ್‌ಗಳು, ಹೋಂ ಸ್ಟೇಗಳು ಬಂದಿವೆ. ಹಿನ್ನೀರಿನ ನೋಟ ಅಲ್ಲೂ ಸಿಗುತ್ತದೆ. ಸ್ವಲ್ಪ ಐಷಾರಾಮ ಬೇಕು ಅನ್ನುವವರಿಗೆ ಅದು ಸರಿ. ನನಗೆ ಮಾತ್ರ ಆಚೆ ದಡವೇ ಇಷ್ಟ.

ಗೆಳೆಯರ ಗುಂಪು, ದೋಣಿ ನಡೆಸುವ ಆಸೆ ಅಂದರೆ ಹೊನ್ನೆಮರಡು. ಅದು ತಾಳಗುಪ್ಪದ ಕಡೆ. ಅಲ್ಲಿ ತರಬೇತಿ ಕೊಟ್ಟು ನೀರಿಗೆ ಇಳಿಸುತ್ತಾರೆ, ಡೇರೆಯಲ್ಲಿ ಮಲಗಿಸುತ್ತಾರೆ. ಹಾಸಿಗೆ, ಬಿಸಿನೀರು ಅಂತ ನೋಡುವವರಿಗೆ ಅದು ಹೇಳಿದ್ದಲ್ಲ. ಕಾಡಿನ ಮೌನ ಬೇಕು ಅನ್ನುವವರಿಗೆ ಮುಪ್ಪಾನೆಯಲ್ಲಿ ಅರಣ್ಯ ಇಲಾಖೆಯ ಪ್ರಕೃತಿ ಶಿಬಿರ ಇದೆ.

ಸಾಗರ ಪೇಟೆಯಲ್ಲಿ ಉಳಿದರೂ ತಪ್ಪಿಲ್ಲ. ಮೊಣಕಾಲು ನೋವಿನ ಹಿರಿಯರು, ಕೈಗೂಸು ಜೊತೆಗಿದ್ದರೆ ಅದೇ ವಾಸಿ. ಆಸ್ಪತ್ರೆ ಹತ್ತಿರ, ಇಕ್ಕೇರಿ, ಕೆಳದಿ, ವರದಹಳ್ಳಿಯ ಶ್ರೀಧರ ಸ್ವಾಮಿಗಳ ಆಶ್ರಮ ಎಲ್ಲ ಹತ್ತಿರ. ಹೆಗ್ಗೋಡಿನ ನೀನಾಸಂ ಕೂಡ ಹತ್ತಿರವೇ. ನಾಟಕ ಇದ್ದ ದಿನ ಸಿಕ್ಕರೆ ಬಿಡಬೇಡಿ.

ರೂಮು ಹಿಡಿಯುವ ಮುಂಚೆ ಏನೇನು ಕೇಳಬೇಕು?

ಒಂದು ಪ್ರಶ್ನೆ ಮಾತ್ರ ಕೇಳುವುದಾದರೆ ಇದನ್ನು ಕೇಳಿ: ಫೋಟೋದಲ್ಲಿರುವ ನೀರು ಯಾವ ತಿಂಗಳದ್ದು?

ಹುಬ್ಬಳ್ಳಿಯಲ್ಲಿರುವ ನಮ್ಮ ಚಿಕ್ಕಮ್ಮನ ಮನೆಯವರು ಒಂದು ಸಲ ಮೇ ತಿಂಗಳಲ್ಲಿ ಬಂದರು. ಮೊಬೈಲಿನಲ್ಲಿ ಚಿತ್ರ ನೋಡಿ ರೂಮು ಹಿಡಿದಿದ್ದರು. ಚಿತ್ರದಲ್ಲಿ ಕಿಟಕಿ ಕೆಳಗೇ ನೀರು. ಬಂದು ನೋಡಿದರೆ ಕಿಟಕಿಯಿಂದ ನೀರಿನವರೆಗೆ ಬರೀ ಕೆಂಪು ಮಣ್ಣು, ಒಣಗಿದ ಮರದ ಬೊಡ್ಡೆಗಳು. ಮಕ್ಕಳು ಅತ್ತೇ ಬಿಟ್ಟರು. ಆ ಚಿತ್ರ ಸುಳ್ಳಲ್ಲ, ಸೆಪ್ಟೆಂಬರ್ ತಿಂಗಳಿನದ್ದು. ಆದರೆ ಅದನ್ನು ಅವರು ಹೇಳಿರಲಿಲ್ಲ. ಇದು ವಿದ್ಯುತ್ತಿಗಾಗಿ ಕಟ್ಟಿದ ಆಣೆಕಟ್ಟೆ. ಮಳೆಗಾಲದಲ್ಲಿ ತುಂಬಿಸಿ, ಬೇಸಿಗೆಯಲ್ಲಿ ಖಾಲಿ ಮಾಡುತ್ತಾರೆ. ಇಳಿಜಾರು ನೆಲವಾದ್ದರಿಂದ ನೀರು ಸ್ವಲ್ಪ ಇಳಿದರೂ ದಡ ದೂರ ಹೋಗುತ್ತದೆ.

ಎರಡನೆಯದು ಕೊನೆಯ ಒಂದು ಕಿಲೋಮೀಟರ್. ಮುಖ್ಯ ರಸ್ತೆ ಚೆನ್ನಾಗಿದೆ. ಮನೆಗೆ ಇಳಿಯುವ ಮಣ್ಣಿನ ದಾರಿ ಜುಲೈನಲ್ಲಿ ಹೇಗಿರುತ್ತದೆ ಅಂತ ಕೇಳಿ. ಸಣ್ಣ ಕಾರು ಇಳಿಯುತ್ತದೆ, ಹತ್ತುವುದಿಲ್ಲ. ಜೀಪು ಕಳಿಸುತ್ತಾರಾ ಅಂತಲೂ ವಿಚಾರಿಸಿ.

ಕರೆಂಟು ಹೋದರೆ ಏನು ವ್ಯವಸ್ಥೆ ಅಂತ ಕೇಳಿ. ಮಳೆಗಾಲದಲ್ಲಿ ಮರ ತಂತಿ ಮೇಲೆ ಬಿದ್ದರೆ ಎರಡು ದಿನ ಕರೆಂಟಿಲ್ಲದೆ ಇರಬೇಕಾಗಬಹುದು. ನಾಡಿಗೆ ಬೆಳಕು ಕೊಡಲು ಮುಳುಗಿದ ಊರಿನವರು ಇವತ್ತೂ ಚಿಮಣಿ ದೀಪ ಹತ್ತಿರವೇ ಇಟ್ಟುಕೊಂಡಿರುತ್ತಾರೆ. ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1035 ಮೆಗಾವ್ಯಾಟ್. ನಿಮ್ಮ ಮನೆಯ ಫ್ಯಾನು ತಿರುಗಿದ್ದರಲ್ಲಿ ಈ ಹೊಳೆಯ ಪಾಲೂ ಇದೆ.

ಮತ್ತೆ ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಆಗಿದೆಯಾ, ಊಟ ಸೇರಿಸಿಯೇ ದರವಾ, ಸಸ್ಯಾಹಾರ ಮಾತ್ರವಾ, ಕಮೋಡ್ ಇದೆಯಾ, ರಾತ್ರಿ ಎಷ್ಟು ಗಂಟೆಯೊಳಗೆ ತಲುಪಬೇಕು. ಇಷ್ಟನ್ನು ಫೋನಿನಲ್ಲೇ ಮಾತಾಡಿಕೊಳ್ಳಿ. ಉತ್ತರ ಕೊಡುವ ರೀತಿಯಲ್ಲೇ ಮನೆ ಹೇಗಿದೆ ಅಂತ ಗೊತ್ತಾಗುತ್ತದೆ.

ಯಾವ ತಿಂಗಳು ಒಳ್ಳೆಯದು?

ಸೆಪ್ಟೆಂಬರ್ ಕೊನೆಯಿಂದ ಡಿಸೆಂಬರ್. ಮಳೆ ಚೆನ್ನಾಗಿ ಆದ ವರ್ಷ ಹಿನ್ನೀರು ತುಂಬಿರುತ್ತದೆ, ಕಾಡು ಹಸಿರು, ಆಕಾಶ ತಿಳಿ. ಭೂಮಿ ಹುಣ್ಣಿಮೆ ಬರುವುದೂ ಈ ಸಮಯದಲ್ಲೇ. ಇಲ್ಲಿಯ ದೀವರು ಸಮುದಾಯದ ಮನೆಗಳಲ್ಲಿ ಹೆಂಗಸರು ಬುಟ್ಟಿಯ ಮೇಲೆ ಚಿತ್ತಾರ ಬರೆಯುತ್ತಾರೆ. ಅಕ್ಕಿ ಹಿಟ್ಟಿನ ಬಿಳಿ, ಕೆಮ್ಮಣ್ಣಿನ ಕೆಂಪು, ನಾರಿನ ಕುಂಚ. ಗೆರೆ ಒಂದು ಕೂದಲಿನಷ್ಟೂ ಆಚೀಚೆ ಆಗುವುದಿಲ್ಲ. ಆ ಬುಟ್ಟಿಯಲ್ಲಿ ಭೂಮಿತಾಯಿಗೆ ಬಗೆಬಗೆಯ ಅಡಿಗೆ ಹೊತ್ತುಕೊಂಡು ಗದ್ದೆಗೆ ಹೋಗುತ್ತಾರೆ. ಗುರುತಿನವರು ಇದ್ದರೆ ಆ ದಿನಕ್ಕೇ ಬನ್ನಿ.

ಜೂನ್, ಜುಲೈ, ಆಗಸ್ಟ್‌ನಲ್ಲಿ ಮಳೆ ಅಂದರೆ ಮಳೆ. ಕೊಡೆ ಸಾಲುವುದಿಲ್ಲ. ಜೋಗ ನೋಡಬೇಕು ಅಂದರೆ ಮಾತ್ರ ಇದೇ ಕಾಲ. 253 ಮೀಟರ್ ಕೆಳಗೆ ಬೀಳುವ ನೀರು ಮಂಜಿನ ಮರೆಯಲ್ಲಿ ಇದ್ದರೆ ಗಂಟೆಗಟ್ಟಲೆ ಕಾಯಬೇಕಾಗುತ್ತದೆ. ಕಾಯಿರಿ, ಗಾಳಿ ಒಂದು ಸಲ ಬೀಸಿದರೆ ಪರದೆ ಸರಿದ ಹಾಗೆ ಆಗುತ್ತದೆ. ಲಿಂಗನಮಕ್ಕಿ ತುಂಬಿ ಗೇಟು ತೆಗೆದ ವರ್ಷವಂತೂ ಇಡೀ ಜಿಲ್ಲೆ ಜೋಗಕ್ಕೆ ಹೊರಡುತ್ತದೆ.

ಏಪ್ರಿಲ್, ಮೇ ತಿಂಗಳಿನ ವಿಚಾರ ಮುಂದೆ ಬೇರೆಯಾಗಿ ಹೇಳುತ್ತೇನೆ.

ಜಾತ್ರೆ ಸಮಯದಲ್ಲಿ ರೂಮು ಸಿಗುತ್ತದಾ?

ಮಕರ ಸಂಕ್ರಾಂತಿಗೆ ಸಿಗಂದೂರು ಜಾತ್ರೆ. ನವರಾತ್ರಿಯಲ್ಲೂ ಜನ ಜಾಸ್ತಿ. ಮುಂಚೆಯೇ ಹೇಳಿಡದಿದ್ದರೆ ಕಷ್ಟ. ಸಾಗರದಲ್ಲಿ ಉಳಿಯುವವರು ಇನ್ನೊಂದು ನೆನಪಿಡಿ: ಮೂರು ವರ್ಷಕ್ಕೊಮ್ಮೆ ಫೆಬ್ರವರಿ ಹೊತ್ತಿಗೆ ಮಾರಿಕಾಂಬಾ ಜಾತ್ರೆ ಬರುತ್ತದೆ. ಆ ವಾರ ಪೇಟೆಯ ಲಾಡ್ಜ್ ಬಿಡಿ, ನಮ್ಮ ಮನೆಯ ಜಗಲಿಯೂ ಖಾಲಿ ಇರುವುದಿಲ್ಲ.

ಊಟ ಹೇಗೆ?

ದೇವಸ್ಥಾನದಲ್ಲಿ ಮಧ್ಯಾಹ್ನ ಪ್ರಸಾದದ ಊಟ ಇದೆ. ಹೋಟೆಲ್‌ಗಳು ಕಡಿಮೆ. ಮನೆಯಲ್ಲಿ ಉಳಿದರೆ ಹಿಂದಿನ ದಿನವೇ ಎಷ್ಟು ಜನ ಅಂತ ಹೇಳಿ, ಹೊತ್ತಿಗೆ ಸರಿಯಾಗಿ ಬನ್ನಿ. ಅಂಗಡಿ ದೂರ. ಹತ್ತು ಜನಕ್ಕೆ ಅಡಿಗೆ ಮಾಡಿ ಕಾದಾಗ ನಾಲ್ಕೇ ಜನ ಬಂದರೆ ಆ ಅಕ್ಕನಿಗೆ ಎಷ್ಟು ಬೇಜಾರಾಗುತ್ತದೆ ಯೋಚಿಸಿ.

ಏನು ಬೇಕು ಅಂತ ಕೇಳಿದರೆ ಪನೀರ್ ಅನ್ನಬೇಡಿ. ಆ ಋತುವಿನದ್ದು ಮಾಡಿ ಅನ್ನಿ. ಮಳೆಗಾಲಕ್ಕೆ ಕಳಲೆ ಪಲ್ಯ, ಕೆಸುವಿನ ಎಲೆಯ ಪತ್ರೊಡೆ, ಬಿಸಿ ಅಕ್ಕಿರೊಟ್ಟಿ. ಬೇಸಿಗೆಗೆ ಅಪ್ಪೆಹುಳಿ, ಒಂದೆಲಗದ ತಂಬುಳಿ, ಹಲಸಿನ ಹಪ್ಪಳ. ಕೊಟ್ಟೆ ಕಡುಬಿಗೆ ಜೋನಿಬೆಲ್ಲ ಮತ್ತು ತುಪ್ಪ. ಮೀನು ತಿನ್ನುವವರಿಗೆ ಹಿನ್ನೀರಿನ ತಾಜಾ ಮೀನು ಸಿಗುತ್ತದೆ, ಅದನ್ನು ಮಾಡುವ ಮನೆ ಯಾವುದು ಅಂತ ಮೊದಲೇ ವಿಚಾರಿಸಿಕೊಳ್ಳಿ. ಉಪ್ಪಿನಕಾಯಿ ಮಾತ್ರ ಅಪ್ಪೆಮಿಡಿಯದ್ದೇ ಕೇಳಿ ಹಾಕಿಸಿಕೊಳ್ಳಿ. ಭರಣಿ ಮುಚ್ಚಳ ತೆಗೆದ ಕೂಡಲೇ ಆ ಪರಿಮಳ ಊಟದ ಮನೆ ತುಂಬುತ್ತದೆ.

ಹಿನ್ನೀರಿನಲ್ಲಿ ಈಜಬಹುದಾ?

ಬೇಡ. ಈಜು ಚೆನ್ನಾಗಿ ಬಂದರೂ ಬೇಡ.

ದಡ ನುಣ್ಣಗೆ ಮರಳಿನದ್ದಲ್ಲ. ಮೊಣಕಾಲಿನವರೆಗೆ ಹೂಳು ಹಿಡಿಯುತ್ತದೆ. ಕೆಳಗೆ ಹಳೆಯ ಮರದ ಬೊಡ್ಡೆ, ಕೊಂಬೆ, ಗೋಡೆ, ಬಾವಿ ಎಲ್ಲ ಇವೆ. ಎರಡು ಹೆಜ್ಜೆ ಸೊಂಟದ ಮಟ್ಟ, ಮೂರನೇ ಹೆಜ್ಜೆಗೆ ಆಳ. ಇಲ್ಲಿ ಹುಟ್ಟಿ ಬೆಳೆದವರೇ ಗೊತ್ತಿಲ್ಲದ ಜಾಗದಲ್ಲಿ ಇಳಿಯುವುದಿಲ್ಲ. ದೋಣಿ, ತೆಪ್ಪ ಹತ್ತುವುದಾದರೆ ಲೈಫ್ ಜಾಕೆಟ್ ಹಾಕಿಕೊಂಡೇ ಹತ್ತಿ. ಇಲ್ಲ ಅಂದರೆ ಹತ್ತಬೇಡಿ, ಎಷ್ಟೇ ಹತ್ತಿರ ಇರಲಿ. ಮಧ್ಯಾಹ್ನದ ಮೇಲೆ ಗಾಳಿ ಎದ್ದರೆ ಇಲ್ಲೂ ಅಲೆ ಏಳುತ್ತದೆ. ದಡದಲ್ಲಿ ಕುಡಿದು ಬಾಟಲಿ ಒಡೆಯುವವರಿಗೂ ಒಂದು ಮಾತು: ನಾಳೆ ಅಲ್ಲಿ ದನ ನೀರು ಕುಡಿಯಲು ಇಳಿಯುತ್ತದೆ, ಬರಿಗಾಲಿನಲ್ಲಿ ಮಕ್ಕಳು ಮೀನು ಹಿಡಿಯಲು ಹೋಗುತ್ತಾರೆ.

ಮಂಗನ ಕಾಯಿಲೆ ಇದೆಯಂತೆ, ಹೆದರಬೇಕಾ?

ಹೆದರುವುದು ಬೇಡ, ಎಚ್ಚರ ಬೇಕು. ಈ ಕಾಯಿಲೆಯನ್ನು ಮೊದಲು ಗುರುತಿಸಿದ್ದೇ ನಮ್ಮ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ, 1957ರಲ್ಲಿ. 2018–19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತ ಜೋರಾಗಿ ಬಂದು ಜೀವಗಳನ್ನು ತೆಗೆದುಕೊಂಡಿತು. ಆ ಬೇಸಿಗೆಯನ್ನು ನಾವು ಮರೆತಿಲ್ಲ.

ಹರಡುವುದು ಉಣುಗಿನಿಂದ, ಅಂದರೆ ಮೈಗೆ ಅಂಟಿ ರಕ್ತ ಹೀರುವ ಉಣ್ಣೆಹುಳದಿಂದ. ಡಿಸೆಂಬರ್‌ನಿಂದ ಮೇವರೆಗೆ ಅದರ ಕಾಲ. ಆಗ ತರಗೆಲೆಯ ಮೇಲೆ ಕೂರುವುದು, ಕಾಡಿನೊಳಗೆ ಸುಮ್ನೆ ನುಗ್ಗುವುದು ಬೇಡ. ಹೋಗಲೇಬೇಕಾದರೆ ಮೈತುಂಬ ಬಟ್ಟೆ ಹಾಕಿ, ಕೈಕಾಲಿಗೆ ಉಣುಗು ಹತ್ತದ ಹಾಗೆ ಆರೋಗ್ಯ ಇಲಾಖೆಯವರು ಕೊಡುವ ಡೆಪಾ ಎಣ್ಣೆ ಹಚ್ಚಿಕೊಳ್ಳಿ. ಬಂದ ಮೇಲೆ ಬಿಸಿನೀರಿನ ಸ್ನಾನ ಮಾಡಿ, ಬಟ್ಟೆಯನ್ನೂ ಬಿಸಿನೀರಿಗೆ ಹಾಕಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಊರಿನವರಿಗೆ ಅಥವಾ ಆಶಾ ಕಾರ್ಯಕರ್ತೆಗೆ ಹೇಳಿ. ಊರಿಗೆ ಮರಳಿದ ಮೇಲೆ ಒಂದೆರಡು ವಾರದಲ್ಲಿ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಮಲೆನಾಡಿಗೆ ಹೋಗಿದ್ದೆವು ಅಂತ ಡಾಕ್ಟರಿಗೆ ತಪ್ಪದೆ ಹೇಳಿ. ನಿಮ್ಮ ಊರಿನ ಡಾಕ್ಟರಿಗೆ ಇದು ಹೊಳೆಯದೆ ಇರಬಹುದು.

ಉಂಬಳ (ಜಿಗಣೆ)?

ಮಳೆಗಾಲದಲ್ಲಿ ಇರುತ್ತವೆ. ಕಚ್ಚಿದರೆ ಎಳೆಯಬೇಡಿ, ಉಪ್ಪು ಅಥವಾ ಸುಣ್ಣ ಮುಟ್ಟಿಸಿ, ತಾನೇ ಬಿಡುತ್ತದೆ. ಅದರಿಂದ ಏನೂ ಆಗುವುದಿಲ್ಲ.

ನೆಟ್‌ವರ್ಕ್, ದುಡ್ಡು, ಪೆಟ್ರೋಲು?

ಸಿಗ್ನಲ್ ಎಲ್ಲ ಕಡೆ ಸಿಗುವುದಿಲ್ಲ. ಉಳಿಯುವ ಮನೆಯ ದಾರಿ ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ. ಮೊಬೈಲಿನಲ್ಲಿ ಹಣ ಕಳಿಸುವುದನ್ನೇ ನಂಬಬೇಡಿ, ನಗದು ಇರಲಿ. ಪೆಟ್ರೋಲು, ಔಷಧಿ ಸಾಗರದಲ್ಲೇ ತೆಗೆದುಕೊಳ್ಳಿ. ತುಮರಿಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರ ಇದೆ.

ಕಾನೂರು ಕೋಟೆ, ದಬ್ಬೆ ಜಲಪಾತ ನೋಡಬಹುದಾ?

ಎರಡೂ ಕಾಡಿನೊಳಗಿವೆ. ಇದು ಸಿಂಗಳೀಕ ಅನ್ನುವ ಅಪರೂಪದ ಮಂಗಗಳ ನೆಲೆ. 1972ರಲ್ಲಿ ಶರಾವತಿ ಅಭಯಾರಣ್ಯ ಆಯಿತು, 2019ರಲ್ಲಿ ಅದನ್ನು ವಿಸ್ತರಿಸಿ ಸಿಂಗಳೀಕದ ಹೆಸರನ್ನೇ ಇಟ್ಟರು. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಹೋಗುವಂತಿಲ್ಲ. ಯಾರೋ ಕರೆದುಕೊಂಡು ಹೋಗುತ್ತೇನೆ ಅಂದರು ಅಂತ ಹಿಂದೆ ಹೋಗಬೇಡಿ. ದಬ್ಬೆಯ ಇಳಿಜಾರು ಮಳೆಗಾಲದಲ್ಲಿ ತುಂಬಾ ಅಪಾಯ. ಕೋಟೆಯಲ್ಲಿ ಈಗ ಉಳಿದಿರುವುದು ಪಾಳು ಗೋಡೆ, ಬಳ್ಳಿ ಹಬ್ಬಿದ ಕಲ್ಲು. ಅನುಮತಿ ಸಿಕ್ಕಿ ಹೋದವರು ದಯವಿಟ್ಟು ಕಲ್ಲು ಕದಲಿಸಬೇಡಿ. ನಿಧಿ ಆಸೆಗೆ ಅಗೆದು ಹಾಳು ಮಾಡಿದ್ದು ನಮ್ಮ ಸೀಮೆಯಲ್ಲಿ ಈಗಾಗಲೇ ಬೇಕಾದಷ್ಟಿದೆ.

ಮುಳುಗಿದ ಊರು, ಹಳೆಯ ಆಣೆಕಟ್ಟೆ ಕಾಣುತ್ತದೆ ಅಂತಾರೆ. ಯಾವಾಗ?

ಏಪ್ರಿಲ್, ಮೇ ತಿಂಗಳಲ್ಲಿ, ಅದೂ ನೀರು ಚೆನ್ನಾಗಿ ಇಳಿದ ವರ್ಷ ಮಾತ್ರ. ಮಡೆನೂರು ಆಣೆಕಟ್ಟೆ ಹೆಚ್ಚಾದ ನೀರು ಹೊರಹಾಕುವ ಸಾಲುಸಾಲು ಸೈಫನ್‌ಗಳ ಸಮೇತ ಎದ್ದು ನಿಲ್ಲುತ್ತದೆ. ಅಷ್ಟು ವರ್ಷ ನೀರಿನಲ್ಲಿದ್ದರೂ ಕಟ್ಟಡ ಗಟ್ಟಿ. ಅಲ್ಲಲ್ಲಿ ಮನೆಯ ಪಂಚಾಂಗ (ಅಡಿಪಾಯ), ಮೆಟ್ಟಿಲು, ಒರಳುಕಲ್ಲು ಕಾಣುತ್ತವೆ. ಹೂಳು ಇನ್ನೂ ಹಸಿ ಇರುವ ಕಡೆ ಕಾಲಿಡಬೇಡಿ, ಸ್ಥಳೀಯರು ಜೊತೆಗಿದ್ದರೆ ಮಾತ್ರ ಹೋಗಿ.

ನನ್ನ ಅಜ್ಜಿ ಮದುವೆಯಾಗಿ ಬಂದ ಮನೆ ಇದೇ ನೀರಿನಡಿ ಇದೆ. ಒಂದು ಬೇಸಿಗೆ ನೀರು ತುಂಬಾ ಇಳಿದಾಗ ಮಾವ ಅವರನ್ನು ದಡಕ್ಕೆ ಕರೆದುಕೊಂಡು ಹೋದರು. ಅಜ್ಜಿ ಒಂದು ಕಡೆ ಕೈ ತೋರಿಸಿ "ಅಲ್ಲಿ ತುಳಸಿಕಟ್ಟೆ" ಅಂದರು. ನಮಗೆ ಕಂಡದ್ದು ಒಂದು ಕಲ್ಲು ಮಾತ್ರ. ಅವರು ಅಲ್ಲೇ ಕೂತು, ಬಾವಿ ಎಲ್ಲಿತ್ತು, ಕೊಟ್ಟಿಗೆ ಎಲ್ಲಿತ್ತು, ಯಾವ ಮರದಡಿ ಮಾವಿನಮಿಡಿ ಆರಿಸುತ್ತಿದ್ದರು ಅಂತ ಹೇಳುತ್ತಾ ಹೋದರು. ಒಂದೂ ಮರೆತಿರಲಿಲ್ಲ.

ಹೀಗೆ ಎದ್ದು ಹೋದವರು ಶಿವಮೊಗ್ಗ ಜಿಲ್ಲೆಯ ತುಂಬ ಇದ್ದಾರೆ. ಅವರಲ್ಲಿ ಬಹಳ ಜನರಿಗೆ ಕೊಟ್ಟ ಜಾಗದ ಹಕ್ಕುಪತ್ರ ಇವತ್ತಿಗೂ ಕೈಗೆ ಬಂದಿಲ್ಲ. ಆ ಒರಳುಕಲ್ಲು, ಮೆಟ್ಟಿಲು ನಿಮಗೆ ಕಂಡರೆ ಮೇಲೆ ಹತ್ತಿ ರೀಲ್ಸ್ ಮಾಡಬೇಡಿ. ಅದು ಯಾರದ್ದೋ ಅಡಿಗೆಮನೆ.

ಮರಳುವಾಗ ಯಾವ ದಾರಿ? ಏನಾದರೂ ತರಬಹುದಾ?

ಬಂದ ದಾರಿಯಲ್ಲೇ ಹೋಗಬೇಕು ಅಂತಿಲ್ಲ. ನಿಟ್ಟೂರು ಕಡೆಯಿಂದ ಕೊಲ್ಲೂರಿಗೆ ಇಳಿದರೆ ಮೂಕಾಂಬಿಕೆಯ ದರ್ಶನವೂ ಆಗುತ್ತದೆ. ಕೊಡಚಾದ್ರಿಗೆ ಹೋಗುವ ಜೀಪುಗಳೂ ಆ ಕಡೆಯೇ ಸಿಗುತ್ತವೆ. ಹಗಲಿನಲ್ಲೇ ಹೊರಡಿ, ದಾರಿಯಲ್ಲಿ ಕಾಡು ದಟ್ಟ. ರಾತ್ರಿ ರೈಲು ಹಿಡಿಯುವವರು ಮಧ್ಯಾಹ್ನ ಸೇತುವೆ ದಾಟಿದರೆ ಸಾಗರದಲ್ಲಿ ಎರಡು ಮೂರು ಗಂಟೆ ಸಿಗುತ್ತದೆ. ಗುಡಿಗಾರರ ಗಂಧದ ಕೆತ್ತನೆ ನೋಡಿ, ಒಂದು ಸಣ್ಣ ಗಣಪತಿಯಾದರೂ ತನ್ನಿ. ಉಳಿದ ಮನೆಯಲ್ಲೇ ಕಾಳುಮೆಣಸು, ಜೇನು, ಹಲಸಿನ ಹಪ್ಪಳ ಕೇಳಿದರೆ ಕೊಡುತ್ತಾರೆ. ಅಪ್ಪೆಮಿಡಿ ಉಪ್ಪಿನಕಾಯಿ ತರುವುದಾದರೆ ಭರಣಿಯ ಬಾಯಿಗೆ ಬಟ್ಟೆ ಬಿಗಿಯಾಗಿ ಕಟ್ಟಿಸಿಕೊಳ್ಳಿ, ರೈಲಿನಲ್ಲಿ ಎಣ್ಣೆ ಸೋರುತ್ತದೆ.